ವಖಾರಿಯ ಪಡುವಣ ಗೋಡೆ

ಗೌಂಡಿ ಬೀರನೇ ವಖಾರಿಯನ್ನು ಕೆಡಿಸಿದ ಎಂದು ಶಿರಸಿಯಲ್ಲಿ ಈಗಲೂ ಹೇಳುವವರಿದ್ದಾರೆ. ಅವರ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಆ ವಖಾರಿಯಲ್ಲೇ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನಾನು ಕಂಡದ್ದನ್ನಾದರೂ ಹೇಳಿಬಿಡುತ್ತೇನೆ.

ಕಟ್ಟಡ ಶಂಕ್ರಪ್ಪ ಸಾಹುಕಾರರದು. ಚಿರೆಕಲ್ಲು, ಮಣ್ಣುಗೋಡೆಗಳ ನಮ್ಮ ಬೀದಿಯಲ್ಲಿ ಸುಟ್ಟ ಇಟ್ಟಿಗೆಯದು ಅದೊಂದೇ. ಮಾಳಿಗೆಯಲ್ಲಿ ಅಡಿಕೆ ಮೂಟೆ, ಕೆಳಗೆ ಸಾಲಾಗಿ ಐದು ಅಂಗಡಿ, ಪ್ರತಿ ಅಂಗಡಿಯ ಬಾಗಿಲಿಗೂ ಇಟ್ಟಿಗೆಯ ಕಮಾನು. ಕಟ್ಟಿದವನು ಬೀರನ ಅಪ್ಪ ಹುಚ್ಚ. ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದ ಗಾರೆಯಲ್ಲಿ ಕಟ್ಟಿದ್ದ. ಕೊನೆಯ ಕಮಾನು ಕೂಡಿಸಿದ ವರ್ಷವೇ ಜ್ವರ ಬಂದು ತೀರಿಕೊಂಡ. ಯಾರದೋ ಆಸ್ತಿಯಾದ ಆ ಕಟ್ಟಡವನ್ನು ಬೀರ ‘ಅಪ್ಪಂದು’ ಎಂದೇ ಕರೆಯುತ್ತಿದ್ದ. ಸಾಹುಕಾರರು ನಕ್ಕುಬಿಡುತ್ತಿದ್ದರು.

ಬೇಸಿಗೆಯಲ್ಲಿ ಗಾರೆ ಉದುರಿದಲ್ಲೆಲ್ಲ ಬೀರ ಹೊಸದಾಗಿ ಮೆತ್ತುತ್ತಿದ್ದ. ನಮ್ಮಲ್ಲಿ ಮಳೆ ಪಡುವಣದಿಂದ ಬೀಸಿ ಹೊಡೆಯುವುದರಿಂದ ಆ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ. ಅಂಗಡಿಕಾರರಾದ ನಮಗೆ ಅದು ನಾಚಿಕೆ. ನಾಲ್ಕು ತಿಂಗಳು ಪೇಟೆಯ ಕಟ್ಟಡ ದನದ ಕೊಟ್ಟಿಗೆಯಂತೆ ಕಾಣಬೇಕೇ? ಹುಬ್ಬಳ್ಳಿಯಲ್ಲೆಲ್ಲ ಸಿಮೆಂಟು ಮೆತ್ತುತ್ತಾರೆ ಎಂದು ಮೊದಲು ಬಾಯಿ ತೆಗೆದವನು ನಾನೇ. ಉಳಿದ ನಾಲ್ವರು ಹೂಂಗುಟ್ಟಿದರು, ಸಾಹುಕಾರರೂ ಒಪ್ಪಿದರು.

ಅದು ೧೯೫೯. ಬೀರ ಒಂದೇ ಸಲ ಬೇಡವೆಂದ.

“ಹಳೇ ಗ್ವಾಡೆ ಒಡೆಯಾ, ನೀರು ಕುಡಿತದೆ, ಬಿಸ್ಲಿಗೆ ಕಾರ್ತದೆ. ಸಿಮೆಂಟು ಬಡಿದ್ರೆ ಒಳಗೇ ಕೊಳಿತದೆ.”

ಹಾಗಾದರೆ ಹುಬ್ಬಳ್ಳಿಯ ಗೌಂಡಿಯನ್ನೇ ಕರೆಸುತ್ತೇನೆ ಎಂದರು ಸಾಹುಕಾರರು. ಅಪ್ಪನ ಕಮಾನಿಗೆ ಪರರ ಕೈ ತಾಗುವುದು ಬೇಡವೆಂದು ಬೀರ ತಾನೇ ಸಿಮೆಂಟು ಮೆತ್ತಿದ. ತಟ್ಟಿ ಕಟ್ಟುವುದು ನಿಂತಿತು.

ನಾಲ್ಕನೇ ಮಳೆಗಾಲ ಮುಗಿಯುವಾಗ ಪಡುವಣ ಗೋಡೆ ಉಬ್ಬಿತ್ತು. ಒಂದು ಕಡೆ ಸಿಮೆಂಟು ಕಿತ್ತು ನೋಡಿದರೆ ಒಳಗಿನ ಇಟ್ಟಿಗೆ ನೆನೆದ ಬೆಲ್ಲದ ಹಾಗೆ ಬೆರಳಿಗೆ ಬರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನಮಗೆ ಅದೂ ಬರಲಿಲ್ಲ. ಎಲ್ಲರೂ ಬೀರನ ಕಡೆ ಬೊಟ್ಟು ಮಾಡಿದೆವು. ಹೌದು, ನಾನೂ.

ಸಾಹುಕಾರರು ಕಟ್ಟಡ ಕೆಡವಿಸಲು ಹೊರಟರು. ಬೀರ ಅವರ ಜಗಲಿಯ ಕೆಳಗೆ ಕೂತು ಒಂದು ಬೇಸಿಗೆಯ ಅವಕಾಶ ಬೇಡಿದ. ಸಿಮೆಂಟು ಕೆತ್ತಿ, ಗೋಡೆ ಒಣಗಿಸಿ, ಮತ್ತೆ ಗಾರೆ ಹಿಡಿಸುತ್ತೇನೆ, ಕೂಲಿ ಬೇಡ ಎಂದ. ಅವರು ಒಪ್ಪಿದರು. ನಾವು ಅಂಗಡಿ ಖಾಲಿ ಮಾಡಿದೆವು.

ಗೋಡೆಗೆ ಮರದ ಆಸರೆ ಕೊಟ್ಟು ಬೀರ ಮಾಘದಲ್ಲಿ ಕೆತ್ತಲು ಶುರುಮಾಡಿದ. ಹೆಂಡತಿ ದುರ್ಗಿ ಗಾರೆ ಅರೆದಳು. ಚೈತ್ರದ ಹೊತ್ತಿಗೆ ಉಳಿದ ಇಟ್ಟಿಗೆ ಒಣಗುತ್ತ ಬಂದು, ತಟ್ಟಿದರೆ ಸದ್ದು ಕೊಡತೊಡಗಿತ್ತು. ಇನ್ನೆಂಟು ದಿನ ಬಿಸಿಲು ಸಿಕ್ಕರೆ ಸಾಕೆಂದು ನನ್ನನ್ನು ಕರೆದು ತೋರಿಸಿದ. ಅಷ್ಟು ಖುಷಿಯಾಗಿ ಅವನನ್ನು ನಾನು ಕಂಡಿರಲಿಲ್ಲ. ಮೋಡ ನೋಡಿ ದುರ್ಗಿ ತಟ್ಟಿ ಕಟ್ಟಲು ಹೇಳಿದ್ದಳಂತೆ. ಕಟ್ಟಿದರೆ ಬಿಸಿಲು ತಾಗದು ಎಂದು ಅವನೇ ಬೇಡವೆಂದಿದ್ದ. ಇಪ್ಪತ್ತು ವರ್ಷ ತಪ್ಪದೆ ತಟ್ಟಿ ಕಟ್ಟಿದವನು ಹಾಗೆಂದಿದ್ದ.

ಮೂರನೇ ದಿನ ಮಧ್ಯಾಹ್ನ ಗಾಳಿ, ಆಲಿಕಲ್ಲು, ಮಳೆ. ಗಂಡ ಹೆಂಡತಿ ಸೋಗೆ ಹೊತ್ತು ಓಡಿಬಂದರು. ಏಣಿ ಹಾಕುವ ಮೊದಲೇ ಗೋಡೆ ಕುಸಿಯಿತು. ಸಾಲಿನ ತುದಿಯ ಆ ಗೋಡೆಯ ಆಧಾರ ತಪ್ಪಿದ್ದೇ ಕಮಾನುಗಳು ಒಂದರ ಹಿಂದೊಂದು ಬಿದ್ದವು, ಐದೂ.

ಯಾರಿಗೂ ಪೆಟ್ಟಾಗಲಿಲ್ಲ. ಮಳೆ ನಿಂತ ಮೇಲೆ ಶಂಕ್ರಪ್ಪನವರು ಬಂದು, ಹೋಗಲಿ ಬಿಡು, ಮತ್ತೊಂದು ಕಟ್ಟಿಸೋಣ, ನೀನೇ ಕಟ್ಟುವೆಯಂತೆ ಎಂದು ಸಮಾಧಾನ ಹೇಳಿದರು.

“ಅಪ್ಪ ಸತ್ತಾಗ ನಾ ಸಣ್ಣವ ಒಡೆಯಾ,” ಎಂದ ಬೀರ. “ಅಳು ಬಂದಿರ್ಲಿಲ್ಲ.”

ಅಷ್ಟು ಹೇಳಿ ಒದ್ದೆ ಇಟ್ಟಿಗೆಯ ರಾಶಿಯ ಮೇಲೆ ಕೂತು, ಪೇಟೆಯ ಜನರೆದುರೇ ಗಟ್ಟಿಯಾಗಿ ಅತ್ತ. ದುರ್ಗಿ ಪಕ್ಕದಲ್ಲಿ ಹೋಗಿ ಕೂತಳು. ಯಾವ ಮುಖ ಇಟ್ಟುಕೊಂಡು ನಾನು ಹತ್ತಿರ ಹೋಗಲಿ?