ಒತ್ತಿದರೂ ಓಡದ ಕಾರು

ನನ್ನ ಗಂಡನ ಎರಡೂ ಕಿಡ್ನಿ ಕೆಟ್ಟ ವರ್ಷ ನಾನು ಕಾರು ಓಡಿಸಲು ಕಲಿತೆ. ಆಗ ನನಗೆ ನಲವತ್ತೊಂದು. ಮನೆ ಬ್ಯಾಡಗಿಯಲ್ಲಿ, ನನ್ನ ಟೀಚರ್ ಕೆಲಸ ಕದರಮಂಡಲಗಿಯ ಶಾಲೆಯಲ್ಲಿ. ವಾರಕ್ಕೆರಡು ಸಲ ಅವರನ್ನು ಡಯಾಲಿಸಿಸ್‌ಗೆ ದಾವಣಗೆರೆಗೆ ಕರೆದೊಯ್ಯಬೇಕಿತ್ತು. ಮೊದಮೊದಲು ಬಸ್ಸಿಗೇ ಹೋಗಿಬಂದೆವು. ಒಂದು ದಿನ ವಾಪಸು ಬರುವಾಗ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನ ಹೆಗಲ ಮೇಲೆ ಕುಸಿದರು. ಬಾಡಿಗೆ ಕಾರಿನವನು ಎರಡು ಸಲ ಹೇಳಿದ ಹೊತ್ತಿಗೆ ಬರಲಿಲ್ಲ. ತಮ್ಮ ಅಂಗಡಿಯ ಓಡಾಟಕ್ಕೆಂದು ಅವರು ಕೊಂಡಿದ್ದ ಹಳೆಯ ಪೆಟ್ರೋಲ್ ಕಾರು ಮನೆ ಮುಂದೆ ಸುಮ್ಮನೆ ನಿಂತಿತ್ತು. ಪಕ್ಕದಲ್ಲಿ ಕೂತು ಅವರೇ ನನಗೆ ಕಲಿಸಿದರು.

ನಾಲ್ಕು ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸೇರುವಾಗ, ಹಾವೇರಿ ಕಡೆಯಿಂದ ಬರುತ್ತಿದ್ದ ಲಾರಿ ಇನ್ನೂ ದೂರವಿದೆ ಎಂದುಕೊಂಡು ಎಕ್ಸಲೇಟರ್ ಒತ್ತಿದೆ. ಕಾರು ಹೋಗಲಿಲ್ಲ. ರಸ್ತೆಯ ನಡುವೆ ಗಕ್ಕನೆ ತಡೆದು, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಒಮ್ಮೆಲೇ ನುಗ್ಗಿತು. ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಉಳಿದೆವು. ಅವನು ಬೈದದ್ದು ನನಗೆ ಪೂರ್ತಿ ಕೇಳಿಸಿತು.

ಬ್ಯಾಡಗಿಯ ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಪೆಟ್ರೋಲ್ ಫಿಲ್ಟರ್ ಬದಲಿಸಿದ. ಮರುವಾರ ಮತ್ತೆ ಅದೇ ಕಥೆ. ಹಾವೇರಿಯ ದೊಡ್ಡ ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಒಂದಿಡೀ ದಿನ ಇಟ್ಟುಕೊಂಡು, ಸಂಜೆ ನನ್ನನ್ನು ಹಿಂದೆ ಕೂರಿಸಿ ತಾನೇ ಒಂದು ಸುತ್ತು ಹೊಡೆದ. ಕಾರು ಎಲ್ಲೂ ತಡೆಯಲಿಲ್ಲ.

"ಗಾಡಿ ಚಲೋ ಐತ್ರಿ ಅಕ್ಕಾರ," ಎಂದ. "ನೀವು ಕ್ಲಚ್ ಲಗೂ ಬಿಡಾಕತ್ತೀರಿ. ಯಜಮಾನ್ರಿಗೆ ಓಡಸಾಕ ಕೊಡ್ರಿ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಆ ಯಜಮಾನರು ಮನೆಯಲ್ಲಿ ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯುತ್ತಿದ್ದಾರೆಂದು ನಾನು ಹೇಳಲಿಲ್ಲ. ತಪ್ಪು ನನ್ನದೇ ಇರಬೇಕು ಅನ್ನಿಸತೊಡಗಿತ್ತು.

ಮುಂದಿನ ಸಲ ರಾಣೆಬೆನ್ನೂರು ದಾಟಿದ ಮೇಲೆ, ಹತ್ತಿ ಹೇರಿಕೊಂಡಿದ್ದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋದಾಗ ಕಾರು ಮತ್ತೆ ತಡೆಯಿತು. ಎದುರಿಗೆ ಬಸ್ಸು. ಹೇಗೆ ಪಾರಾದೆವೋ ಈಗಲೂ ನೆನಪಾಗುವುದಿಲ್ಲ. ಮನೆಗೆ ಬಂದು ಮಂಚದ ಮೇಲೆ ಮಲಗಿಸಿದಾಗ ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು: "ಇನ್ನ ಬ್ಯಾಡ. ಸಾಯಾಂವ ನಾ ಒಬ್ಬಾಂವ ಅದೇನಿ. ನೀ ಯಾಕ ನನ್ನ ಕೂಡ ಸಾಯ್ತಿ?"

"ಹಂಗ ಅನಬ್ಯಾಡ್ರಿ. ಬಸ್ಸಿಗೆ ಹೋಗೂಣು."

"ಯಾತರಾಗೂ ಬ್ಯಾಡ."

ಮುಂದಿನ ಡಯಾಲಿಸಿಸ್ ಸರದಿಯನ್ನು ತಪ್ಪಿಸಿಯೇಬಿಟ್ಟರು. ಮರುದಿನ ಕಾಲು ಬಾತುಕೊಂಡವು. ಎರಡನೆಯ ದಿನ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇದ್ದರು. ನಾನು ಕೈ ಮುಗಿದೆ, ಅತ್ತೆ, ಬೈದೆ. ಅವರು ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೆ.

ಮಧ್ಯಾಹ್ನ ತಡೆಯಲಾರದೆ ಕಾರು ತೆಗೆದುಕೊಂಡು ಮೆಣಸಿನಕಾಯಿ ಮಾರ್ಕೆಟ್ಟಿನ ಅಂಗಳಕ್ಕೆ ಹೋದೆ. ಅಂದು ವ್ಯಾಪಾರವಿರಲಿಲ್ಲ. ತಪ್ಪು ನನ್ನ ಕಾಲಿನದೋ ಕಾರಿನದೋ ಗೊತ್ತಾಗಲೇಬೇಕಿತ್ತು. ಮೆಣಸಿನ ಘಾಟಿಗೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಹತ್ತಿಪ್ಪತ್ತು ಸಲ ಹೊರಡಿಸಿದೆ. ಕ್ಲಚ್ ಪೂರ್ತಿ ಬಿಟ್ಟು, ಕಾರು ಓಡುತ್ತಿರುವಾಗಲೂ ನೋಡಿದೆ. ಎಕ್ಸಲೇಟರನ್ನು ಮೆಲ್ಲಗೆ ಒತ್ತಿದರೆ ಏನೂ ಇಲ್ಲ. ಒಮ್ಮೆಲೇ ಒತ್ತಿದರೆ ಪ್ರತಿ ಸಲವೂ ತಡೆ. ಹಾವೇರಿಯವನು ಮೆಲ್ಲಗೆ ಒತ್ತಿದ್ದ.

ಅಲ್ಲಿಂದಲೇ ರಾಣೆಬೆನ್ನೂರಿಗೆ ಹೋದೆ. ಹಳೆಯ ಕಾರುಗಳನ್ನಷ್ಟೇ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ನಾನು ಹೇಳಿದ್ದನ್ನು ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಎಂಜಿನ್ ಬಂದ್ ಮಾಡಿಸಿ, ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟರು.

"ಬರ್ರಿ ಇಲ್ಲಿ. ಈ ಕಾರ್ಬುರೇಟರ್ ಬಾಯಾಗ ನೋಡ್ರಿ. ನಾ ಎಕ್ಸಲೇಟರ್ ಎಳೀತೇನಿ. ಪೆಟ್ರೋಲ್ ಪಿಚಕಾರಿ ಹಂಗ ಚಿಮ್ಮಬೇಕು. ಚಿಮ್ಮತದೇನು?"

ಬಗ್ಗಿ ನೋಡಿದೆ. ಅವರು ಎಳೆದರು, ಮತ್ತೆ ಎಳೆದರು. ಒಳಗೆ ಒಂದು ಹನಿಯೂ ಬೀಳಲಿಲ್ಲ.

"ಇಲ್ರಿ. ಒಣಾ ಐತ್ರಿ."

"ಹಂಗಾರ ಅದರ ಪಂಪ್ ಸತ್ತೈತಿ. ಜೋರ್ ಒತ್ತಿದಾಗ ಆ ಚಿಮ್ಮೂ ಪೆಟ್ರೋಲ್ ಸಿಗಲಿಲ್ಲಂದ್ರ ಎಂಜಿನ್ ತಡೀತೈತಿ. ನಿಮ್ಮ ತಪ್ಪೇನಿಲ್ಲ, ತಂಗಿ."

ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕುಳಿತುಬಿಟ್ಟೆ. ಅವರು ಪಂಪ್ ಬಿಚ್ಚಿ, ಹೆಬ್ಬೆರಳಿನಗಲದ ತೆಳು ರಬ್ಬರನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಡಬ್ಬಿಗಳನ್ನೆಲ್ಲ ತಡಕಾಡಿ ಹೊಸದೊಂದನ್ನು ಹುಡುಕಿ ಹಾಕಿದರು. ಮತ್ತೆ ಬಗ್ಗಿ ನೋಡಿದಾಗ ಪೆಟ್ರೋಲ್ ಚುರ್ರೆಂದು ಚಿಮ್ಮಿತು.

ಮನೆಗೆ ಬಂದು ಆ ಹರಿದ ರಬ್ಬರನ್ನು ಗಂಡನ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಅವರು ಸೀಳಿನ ಮೇಲೆ ಬೆರಳಾಡಿಸಿದರು.

"ನೀವೂ ನನ್ನ ತಪ್ಪಂತ ತಿಳ್ಕೊಂಡಿದ್ರೇನು?" ಎಂದು ಕೇಳಿದೆ.

"ಹೂಂ," ಎಂದರು. "ಖರೇ ಹೇಳ್ತೇನಿ, ಹಂಗ ತಿಳ್ಕೊಂಡಿದ್ದೆ."

ಅದು ಚುಚ್ಚಿತು. ಜಗಳಕ್ಕೆ ಹೊತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿ, ಹೆಗಲಿಗೆ ಕೈ ಕೊಟ್ಟು ಎಬ್ಬಿಸಿದೆ. ಈ ಸಲ ಅವರು ಬೇಡವೆನ್ನಲಿಲ್ಲ. ಹೆದ್ದಾರಿಗೆ ಬಂದಾಗ ಒಮ್ಮೆಲೇ ಒತ್ತಿದೆ. ಕಾರು ಒತ್ತಿದ ಗಳಿಗೆಯಲ್ಲೇ ಹಾರಿತು. ಆಸ್ಪತ್ರೆಯ ನರ್ಸ್ ನಮ್ಮನ್ನು ನೋಡಿ, ಇನ್ನೊಂದು ದಿನ ತಡವಾಗಿದ್ದರೆ ಎನ್ನುತ್ತಲೇ ಅವರನ್ನು ಮಶೀನಿನ ಕಡೆ ಕರೆದೊಯ್ದಳು.

ಆಮೇಲೆ ಅವರು ಹದಿನಾಲ್ಕು ತಿಂಗಳು ಬದುಕಿದರು. ಅಷ್ಟೂ ದಿನ ನಾನೇ ಓಡಿಸಿದೆ. ಅವರು ಪಕ್ಕದಲ್ಲಿ ಸೀಟು ಹಿಂದಕ್ಕೆ ವಾಲಿಸಿಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.