ಸುಡುವ ಮುಂಚೆ ಕೇಳಬೇಕಾದ್ದು

ಕಳಸದ ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದ ತ್ರಿಪುರಸುಂದರಿಗೆ ಹದಿಹರೆಯದಿಂದಲೂ ಒಂದು ಕಾಟವಿತ್ತು. ಸುಮ್ಮನೆ ಕೂತಿದ್ದಾಗಲೂ ಎದೆಬಡಿತ ಇದ್ದಕ್ಕಿದ್ದಂತೆ ಓಡತೊಡಗುತ್ತಿತ್ತು. ಆಗ ಆಕೆ ಮಷೀನಿನ ಪೆಡಲಿನಿಂದ ಕಾಲು ತೆಗೆದು, ಉಸಿರು ಬಿಗಿಹಿಡಿದು, ಅದು ತಾನಾಗಿ ಇಳಿಯುವವರೆಗೆ ಕೂತುಬಿಡುತ್ತಿದ್ದಳು. ಗಿರಾಕಿಗಳಿಗೆ ದಾರ ತುಂಡಾಯಿತೆಂದು ಹೇಳುತ್ತಿದ್ದಳು.

ಹೊರನಾಡಿನ ಬಸ್ಸಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದ ಮೇಲೆ ಗಂಡ ಕೃಷ್ಣಯ್ಯ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅದು 2004. ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚಿನ ದಾರಿಯಿದೆ, ಬಡಿತ ಅದರಲ್ಲಿ ಹೊಕ್ಕು ಸುತ್ತು ಹಾಕುತ್ತದೆ, ತೊಡೆಯ ಸಂದಿಯಿಂದ ತಂತಿ ಹಾಯಿಸಿ ಆ ಜಾಗವನ್ನು ಸುಟ್ಟರೆ ಸರಿಹೋಗುತ್ತದೆ ಎಂದರು ಡಾಕ್ಟರು. ಅಪಾಯ ತೀರಾ ಅಪರೂಪ ಎಂದೂ ಅಂದರು.

ಸುಡುತ್ತಿದ್ದಾಗಲೇ ಎದೆಯ ಮೇಲೆ ಕಲ್ಲು ಹೇರಿದಂಥ ನೋವು ಬಂತು. ಸ್ವಲ್ಪ ಹೊತ್ತು ತಡೆದುಕೊಂಡಳು, ಆಮೇಲೆ ಹೇಳಿದಳು. ಡಾಕ್ಟರು ಸುಡುವುದನ್ನು ನಿಲ್ಲಿಸಿ ನೋಡಿದರು. ಸುಟ್ಟ ಜಾಗದ ಮಗ್ಗುಲಲ್ಲೇ ಹೃದಯಕ್ಕೆ ರಕ್ತ ಒಯ್ಯುವ ನಾಳವಿತ್ತು. ಶಾಖ ತಗುಲಿ ಅದು ಕಿರಿದಾಗಿಬಿಟ್ಟಿತ್ತು. ಅಲ್ಲೇ, ಆಗಲೇ, ಬಲೂನಿನಿಂದ ಹಿಗ್ಗಿಸಿ, ನಾಳ ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಇಟ್ಟರು.

ಮರುದಿನ ಡಾಕ್ಟರು ಹಾಸಿಗೆಯ ಪಕ್ಕ ಕೂತು ಆದದ್ದನ್ನೆಲ್ಲ ಹೇಳಿದರು. ಕೃಷ್ಣಯ್ಯ ಕೋರ್ಟಿನ ಮಾತೆತ್ತಿದರು. ತ್ರಿಪುರಸುಂದರಿ ಕೇಳಿದ್ದು ಬೇರೆ.

"ಹೀಗಾಗ್ಬಹುದು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ ಡಾಕ್ಟ್ರೇ?"

"ಗೊತ್ತಿತ್ತಮ್ಮ. ಅಪರೂಪ ಅಂತ ಬಿಡಿಸಿ ಹೇಳ್ಲಿಲ್ಲ."

ಎದೆ ಓಡುವುದೇನೋ ನಿಂತಿತು. ಬದಲಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು ಬಂದವು. ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಬಣಕಲ್ಲಿನ ಜವರಮ್ಮ ಇವಳಿಗಾದದ್ದನ್ನು ಕೇಳಿ, ತಮ್ಮ ಮಗಳು ದೀಪಶ್ರೀಯನ್ನು ಕರೆದುಕೊಂಡು ಬಂದರು. ಹುಡುಗಿಗೂ ಅದೇ ಕಾಟ, ಡಾಕ್ಟರು ಹೇಳಿದ್ದೂ ಅದೇ ಚಿಕಿತ್ಸೆ. ಬೇಡವೆಂದು ಹೇಳಿಸಲೆಂದೇ ತಾಯಿ ಬಂದದ್ದು. ಕೃಷ್ಣಯ್ಯನವರೂ ಬೇಡವೆಂದೇ ಅಂದರು. ತ್ರಿಪುರಸುಂದರಿ ಕತ್ತರಿ ಕೆಳಗಿಟ್ಟು ಹುಡುಗಿಯ ಕಡೆ ತಿರುಗಿದಳು.

"ನಂಗೆ ಹೀಗಾಯ್ತು ಅಂತ ನೀನು ಹಿಂದೆ ಸರೀಬೇಡ. ಎಲ್ರಿಗೂ ಆಗಲ್ಲ ಇದು. ಆದ್ರೆ ಸುಡೋ ಮುಂಚೆ ರಕ್ತನಾಳ ಎಷ್ಟು ಹತ್ರ ಇದೆ ಅಂತ ನೋಡ್ತೀರಾ ಅಂತ ಡಾಕ್ಟ್ರನ್ನ ಕೇಳು. ನೋವಾದ್ರೆ ನನ್ ಥರ ತಡ್ಕೊಂಡು ಮಲಗ್ಬೇಡ, ಆಗ್ಲೇ ಹೇಳು."

ಮಳೆಗಾಲ ಕಳೆದ ಮೇಲೆ ದೀಪಶ್ರೀಯ ಫೋನು ಬಂತು. ಕೇಳಿದಳಂತೆ, ಡಾಕ್ಟರು ನೋಡಿದರಂತೆ. ನಾಳ ದೂರವಿತ್ತು, ಎಲ್ಲ ಸರಿಹೋಯಿತು.

ಫೋನಿಟ್ಟಾಗ ತ್ರಿಪುರಸುಂದರಿಗೆ ಖುಷಿಯಾಯಿತು. ಅದರ ಬೆನ್ನಿಗೇ, ತನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲವಲ್ಲ ಎಂದು ಅಳು ಬಂತು. ಕೃಷ್ಣಯ್ಯ ಬಂದು ಪಕ್ಕದಲ್ಲಿ ಕೂತರು.