ನಮ್ಮತ್ತೆಯ ಹೋರಿ ಮತ್ತು ಇಬ್ಬರು ಎಮ್ಮೆಲ್ಲೆಗಳು

ಆ ಇಬ್ಬರು ಎಮ್ಮೆಲ್ಲೆಗಳು ಒಂದೇ ಜೀಪಿನಿಂದ ಇಳಿದದ್ದನ್ನು ನೋಡಿ ನಮ್ಮತ್ತೆ ತಟ್ಟುತ್ತಿದ್ದ ಬೆರಣಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಇವ್ರಿಬ್ರೂ ಒಂದಾಗವ್ರೆ ಅಂದ್ರೆ ನಮ್ಗೇನೋ ಗ್ರಾಚಾರ ಕಾದದೆ ಕಣಮ್ಮಿ" ಅಂದರು ನನಗೆ.

ಅರವತ್ತರ ದಶಕದ ಶುರು. ಬ್ಯಾಟರಾಯನಪುರ ಆಗ ರಾಗಿ ಹೊಲದ ನಡುವಿನ ಹಳ್ಳಿ, ನಾನು ಆ ಮನೆಗೆ ಹೊಸ ಸೊಸೆ.

ಗಾಂಧಿ ಟೋಪಿಯವರು ನಮ್ಮ ಕ್ಷೇತ್ರದವರು, ಆಳುವ ಪಕ್ಷ; ದಪ್ಪ ಕನ್ನಡಕದವರು ಪಕ್ಕದ ಕ್ಷೇತ್ರದವರು, ವಿರೋಧ ಪಕ್ಷ. ಎಲೆಕ್ಷನ್ ಟೈಮಲ್ಲಿ ಇಬ್ಬರೂ ನಮ್ಮೂರಿಗೇ ಬಂದು ಒಬ್ಬರನ್ನೊಬ್ಬರು ಬೈದಿದ್ದನ್ನು ಊರಿನವರು ಇನ್ನೂ ಆಡಿ ತೋರಿಸಿ ನಗುತ್ತಿದ್ದರು. ಈಗ ನೋಡಿದರೆ ಅರಳಿಕಟ್ಟೆಯ ಮೇಲೆ ಅಕ್ಕಪಕ್ಕ ಕೂತು, ನೀವು ಮೊದಲು ಮಾತಾಡಿ, ಇಲ್ಲ ಇಲ್ಲ ನೀವೇ ಅಂತ ಉಪಚಾರ ಮಾಡಿಕೊಳ್ಳುತ್ತಿದ್ದಾರೆ!

ಕೊನೆಗೆ ಟೋಪಿಯವರು ಶುರು ಮಾಡಿದರು. ದನದ ತಳಿ ಸುಧಾರಿಸಲು ಅಸೆಂಬ್ಲಿಯಲ್ಲಿ ಮಸೂದೆ ಬರುತ್ತಿದೆ, ಇದರಲ್ಲಿ ಪಕ್ಷ ಇಲ್ಲ, ವಿಜ್ಞಾನ ಮಾತ್ರ ಇದೆ ಅಂದರು. ಕನ್ನಡಕದವರು ಜೋರಾಗಿ ತಲೆಯಾಡಿಸಿದರು.

ವಿಷಯ ಇಷ್ಟೇ. ಇನ್ನು ಮುಂದೆ ಬೀಜದ ಹೋರಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ದನದ ಡಾಕ್ಟರು ಬಂದು ಹೋರಿಯ ಎತ್ತರ, ನಡಿಗೆ, ಅದರ ತಾಯಿ ಕೊಡುತ್ತಿದ್ದ ಹಾಲು ಎಲ್ಲ ವಿಚಾರಿಸುತ್ತಾರೆ. ಪಾಸಾದರೆ ಲೈಸೆನ್ಸ್... ಫೇಲಾದರೆ ಬೀಜ ಒಡೆಸಬೇಕು.

ಅತ್ತೆ ನಮ್ಮ ಕೊಟ್ಟಿಗೆಯ ಕಡೆ ತಿರುಗಿ ನೋಡಿದರು.

ಊರಿಗೆಲ್ಲ ಬೀಜದ ಹೋರಿ ಅಂತ ಇದ್ದದ್ದು ನಮ್ಮ ರಾಜ ಒಬ್ಬನೇ. ಹುಟ್ಟುವಾಗಲೇ ತಾಯಿ ಸತ್ತಿತ್ತು. ಅತ್ತೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ, ಚಳಿಗೆ ತಮ್ಮ ಕಂಬಳಿಯನ್ನೇ ಹೊದಿಸಿ ಸಾಕಿದ ಕರು ಅದು. ಹೆತ್ತ ಮಕ್ಕಳನ್ನಾದರೂ ಬೈಯುತ್ತಿದ್ದರು, ರಾಜನಿಗೆ ಒಂದು ಮಾತೂ ಇಲ್ಲ.

ಅತ್ತೆ ಹೆಂಗಸರ ಕಡೆಯಿಂದ ಎದ್ದು ನಿಂತೇಬಿಟ್ಟರು. "ಸ್ವಾಮಿ, ನಿಮ್ಮಿಬ್ರಿಗೆ ಲೈಸೆನ್ಸ್ ಕೊಟ್ಟೋರ್ಯಾರು?"

"ನೀವೇ ಅಲ್ವೇನಮ್ಮಾ, ಓಟು ಹಾಕಿ!" ಅಂದರು ಟೋಪಿಯವರು.

"ನಾವು ನಿಮ್ಮ ಎತ್ರ, ನಡಿಗೆ ನೋಡಿ ಓಟು ಆಕ್ಲಿಲ್ವಲ್ಲ ಸ್ವಾಮಿ."

ಊರಿಗೆ ಊರೇ ನಕ್ಕಿತು. ಇಬ್ಬರು ಎಮ್ಮೆಲ್ಲೆಗಳೂ ನಕ್ಕರು, ಅದರಲ್ಲೂ ಇಬ್ಬರದೂ ಒಮ್ಮತ. ಆಮೇಲೆ ಮಸೂದೆ ಪಾಸಾಯಿತು ಅಂತ ಸುದ್ದಿ ಬಂತು. ಎರಡೂ ಕಡೆಯವರು ಕೈಯೆತ್ತಿದರಂತೆ.

ಡಾಕ್ಟರು ಬರುವ ದಿನ ಅತ್ತೆಯ ಸಂಭ್ರಮ ನೋಡಬೇಕಿತ್ತು! ರಾಜನಿಗೆ ಸೀಗೆಪುಡಿ ಸ್ನಾನ, ಕೊಂಬಿಗೆ ಎಣ್ಣೆ, ಹೊಟ್ಟೆ ತುಂಬ ಬೇಯಿಸಿದ ಹುರುಳಿ. ದೃಷ್ಟಿ ಆಗದಿರಲಿ ಅಂತ ಕಿವಿಯ ಹಿಂದೆ ಕಾಡಿಗೆ ಬೇರೆ.

ಹೆಬ್ಬಾಳದ ಕಡೆಯಿಂದ ಸೈಕಲ್ಲಿನಲ್ಲಿ ಬಂದ ಡಾಕ್ಟರು ತುಂಬ ಒಳ್ಳೆಯವರು. ರಾಜನನ್ನು ಅಂಗಳದಲ್ಲಿ ಆ ಕಡೆ ಈ ಕಡೆ ನಡೆಸಿದರು, ಟೇಪು ಹಿಡಿದು ಅಳೆದರು, ಮತ್ತೆ ಅಳೆದರು. ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂದಾಗ ಅತ್ತೆ ರಾಜನ ಬೆನ್ನು ಸವರತೊಡಗಿದರು.

"ಒಳ್ಳೇ ಪ್ರಾಣಿ ಅಮ್ಮಾ. ಆದ್ರೆ ಸ್ವಲ್ಪ ಕುಳ್ಳ" ಅಂದರು ಡಾಕ್ಟರು.

"ಕುಳ್ಳ ಆದ್ರೇನು ಸ್ವಾಮಿ? ನಮ್ಮ ಯಜಮಾನ್ರೂ ಕುಳ್ಳರೇಯ!"

ಬಾಗಿಲಲ್ಲಿ ನಿಂತಿದ್ದ ಮಾವ ಸದ್ದಿಲ್ಲದೆ ಒಳಗೆ ಹೋದರು.

ರಾಜ ಫೇಲಾದ.

ಬೀಜ ಒಡೆದ ದಿನ ಅತ್ತೆ ಒಲೆ ಹಚ್ಚಲಿಲ್ಲ. ಕೊಟ್ಟಿಗೆಯಲ್ಲಿ ಅವನ ಕತ್ತು ತಬ್ಬಿಕೊಂಡು ಕೂತಿದ್ದವರನ್ನು ನೋಡಿ ನಾನೂ ಅತ್ತುಬಿಟ್ಟೆ. ಆಮೇಲಾಮೇಲೆ ರಾಜ ಸಾಧು ಎತ್ತಾಗಿ ಗಾಡಿ ಎಳೆದ. ಡಾಕ್ಟರು ಕೊಟ್ಟ ತಳಿಯಿಂದ ಹುಟ್ಟಿದ ಕರು ಬೆಳೆದು ಹಸುವಾಗಿ, ಕರೆದರೆ ಬಿಂದಿಗೆ ತುಂಬುವಷ್ಟು ಹಾಲು. ಕಾನೂನು ತಪ್ಪು ಅನ್ನಲು ಅತ್ತೆಗೂ ಬಾಯಿ ಬರಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

ಅದು ಇಳಿದದ್ದು ನಮ್ಮ ನಾದಿನಿ ಪುಟ್ಟಮ್ಮನನ್ನು ನೋಡಲು ಸೋಲದೇವನಹಳ್ಳಿಯಿಂದ ಗಂಡಿನವರು ಬಂದ ದಿನ.

ಬಂದವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹುಡುಗಿಯ ಜಡೆ ಬಿಚ್ಚಿಸಿ ನೋಡಿದರು. ಒಂದು ಹಾಡು ಹೇಳಿಸಿದರು. ಆಮೇಲೆ ಸ್ವಲ್ಪ ನಡೆದು ತೋರಿಸಲಿ ಅಂದರು. ಪುಟ್ಟಮ್ಮ ತಲೆ ತಗ್ಗಿಸಿ ನಡೆದಳು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ನೋಡಲು ಬಂದಾಗ ಹೀಗೇ ನಡೆಸಿದವರು ಇದೇ ಅತ್ತೆ ಕಣ್ರೀ!

ಅತ್ತೆ ಕಣ್ಣು ಮಿಟುಕಿಸದೆ ಮಗಳನ್ನೇ ನೋಡುತ್ತಿದ್ದಾರೆ. ಆಮೇಲೆ ನಿಧಾನವಾಗಿ ಹುಡುಗನ ಕಡೆ ತಿರುಗುತ್ತಾರೆ.

"ಆಯ್ತಾ? ಈಗ ನೀನ್ ಎದ್ದೇಳಪ್ಪ. ಬಾಗ್ಲವರ್ಗೂ ಓಗಿ ಬಾ, ನೋಡಾನ."



ಹುಡುಗನ ಅಪ್ಪ ಕಾಫಿ ಲೋಟ ಕುಕ್ಕಿದರು. "ಏನಮ್ಮಾ ಇದು? ಗಂಡ್ನ ನಡ್ಸೋ ಪದ್ಧತಿ ಎಲ್ಲಾದ್ರೂ ಐತಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಕಾನೂನಾಗೇ ಐತೆ ಸ್ವಾಮಿ. ಎಲ್ಡೂ ಪಕ್ಷದೋರು ಒಪ್ಪಿ ಮಾಡವ್ರೆ."

ಪಾಪ ಹುಡುಗ, ಎದ್ದು ನಡೆದ. ಬಾಗಿಲವರೆಗೆ ಹೋಗಿ, ಪಂಚೆ ತೊಡರಿ ಎಡವಿ, ನಗುತ್ತಾ ವಾಪಸ್ ಬಂದ. ಅಷ್ಟರಲ್ಲಿ ಒಳಗೆ ಬಂದು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ಪುಟ್ಟಮ್ಮ ನನ್ನ ಕೈ ಹಿಂಡಿ ಹೂಂ ಅಂದಳು. ಮದುವೆಯೂ ಆಯಿತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಯಾವ ಹೆಣ್ಣುಮಗಳನ್ನೂ ಯಾರೂ ನಡೆಸಿ ನೋಡಿಲ್ಲ... ನಿಮ್ಮ ಮನೆಗಳಲ್ಲಿ ಇದು ಯಾರ ಮಾತಿನಿಂದ ನಿಂತಿತು, ಹೇಳಿ ನೋಡೋಣ?